ನಾನು ಓಡಿಸದ ಐದನೆಯ ರೇಸು

ಆಳಂದದಲ್ಲಿ ನನ್ನನ್ನು ಹೊಸಬರಿಗೆ ಪರಿಚಯಿಸುವಾಗ ಇವತ್ತಿಗೂ ಒಂದೇ ಮಾತು ಹೇಳುತ್ತಾರೆ. "ಮದ್ರಾಸಿನ್ಯಾಗ ಲಿಂಗ ತೆಗಿ ಅಂದ್ರು ನೋಡ್ರಿ, ಇವರು ತೆಗೀಲಿಲ್ಲ. ರೇಸೇ ಬಿಟ್ಟು ಬಂದ್ರು." ಹೇಳುವವರ ಮುಖ ಅರಳಿರುತ್ತದೆ. ಕೇಳಿದವರು ಕೈ ಮುಗಿಯುತ್ತಾರೆ. ನನಗೆ ಮೈಯೆಲ್ಲ ಉರಿಯುತ್ತದೆ. ಎದ್ದು ಹೋಗಬೇಕು ಅನ್ನಿಸುತ್ತದೆ, ಹೋಗುವುದಿಲ್ಲ. ಅವರ ಚಹಾ ಕುಡಿದು, ಹಲ್ಲು ಕಿಸಿದು, ಮನೆಗೆ ಬಂದು ಹೆಂಡತಿಯ ಮೇಲೆ ರೇಗುತ್ತೇನೆ. ಯಾಕೆ ರೇಗುತ್ತೇನೆಂದು ಕೇಳುವುದನ್ನು ಆಕೆ ಬಿಟ್ಟು ಬಹಳ ವರ್ಷವಾಯಿತು.

ನಡೆದದ್ದನ್ನು ನಡೆದ ಹಾಗೆ ಬರೆಯುತ್ತೇನೆ. ಎಂಬತ್ತರ ದಶಕ ಮುಗಿಯುತ್ತ ಬಂದಿತ್ತು, ನನಗೆ ಇಪ್ಪತ್ತೊಂದು. ದೇಶದ ಜೂನಿಯರ್ ಕಾರ್ ರೇಸಿಂಗ್ ಚಾಂಪಿಯನ್‌ಶಿಪ್‌ನಲ್ಲಿ, ಒಂದೇ ಸೀಟಿನ ಪುಟ್ಟ ರೇಸ್ ಕಾರುಗಳ ವಿಭಾಗದಲ್ಲಿ, ಐದು ರೇಸುಗಳ ಪೈಕಿ ನಾಲ್ಕು ಮುಗಿದಾಗ ಎಲ್ಲರಿಗಿಂತ ಮುಂದಿದ್ದವನು ನಾನು. ತೊಗರಿಯ ಧಾರಣೆ ಬಿಟ್ಟರೆ ಬೇರೆ ಯಾವುದಕ್ಕೂ ಪೇಪರಿನಲ್ಲಿ ಹೆಸರು ಬರದ ಊರಿನವನು. ಐದನೆಯ ರೇಸಿನಲ್ಲಿ ಎರಡನೆಯವನಾಗಿ ಬಂದಿದ್ದರೂ ಚಾಂಪಿಯನ್‌ಶಿಪ್ ನನ್ನದಾಗುತ್ತಿತ್ತು. ಆ ದಿನ ನಾನು ಕಾರಿನಲ್ಲಿ ಕೂಡಲೇ ಇಲ್ಲ. ಯಾಕೆ ಕೂಡಲಿಲ್ಲ ಎಂಬುದಕ್ಕೆ ಊರಿನವರು ಹೇಳುವ ಕಾರಣ ಒಂದು, ನಿಜವಾದ ಕಾರಣ ಇನ್ನೊಂದು.

ಎಲ್ಲ ಶುರುವಾದದ್ದು ನನ್ನ ಕಾಕಾ ಅವರಿಂದ. ಕಾಕಾ ಅಂದರೆ ನನ್ನ ಅಪ್ಪನ ತಮ್ಮ. ನನಗೆ ಏಳು ವರ್ಷವಾಗಿದ್ದಾಗ ಅಪ್ಪ ತೀರಿಕೊಂಡ. ಆಮೇಲೆ ಮನೆ, ಹೊಲ, ನಾನು, ನನ್ನ ಅವ್ವ ಎಲ್ಲರೂ ಅವರ ಮಾತಿನ ಮೇಲೆ ನಡೆದೆವು. ಇಷ್ಟೆಲ್ಲ ಮಾಡಿದವರ ಬಗ್ಗೆ ಬರೆಯುವಾಗಲೂ 'ಅವರು' ಎಂದೇ ಬರುತ್ತದೆ, 'ಅವನು' ಎಂದು ಬರೆಯಲು ಕೈ ಏಳುವುದಿಲ್ಲ. ಅದಕ್ಕೂ ನನಗೆ ಸಿಟ್ಟಿದೆ. ಜೇವರ್ಗಿಯಲ್ಲಿ ಅವರದು ಪೈಪು, ಎಂಜಿನ್ ಆಯಿಲ್ಲು, ಬೆಲ್ಟು ಮಾರುವ ಅಂಗಡಿ. ಮಾಲು ತರಲು ಮದ್ರಾಸಿಗೆ ಹೋದಾಗ ಯಾರೋ ವ್ಯಾಪಾರಿ ಅವರನ್ನು ಊರ ಹೊರಗಿನ ಹಳೆಯ ವಿಮಾನ ಪಟ್ಟಿಗೆ ರೇಸು ನೋಡಲು ಕರೆದುಕೊಂಡು ಹೋಗಿದ್ದನಂತೆ. ಕಾಕಾ ಅಲ್ಲಿ ನೋಡಿದ್ದು ಕಾರುಗಳನ್ನಲ್ಲ, ಶಾಮಿಯಾನಾದ ಕೆಳಗೆ ಕುರ್ಚಿ ಹಾಕಿಕೊಂಡು ಕೂತ ಕಾರ್ಖಾನೆ ಮಾಲೀಕರನ್ನು.

"ಆ ಮಂದಿ ಬಾಜೂ ಕುಂತು ಒಂದು ಕಪ್ ಚಾ ಕುಡದ್ರ ಸಾಕು ನೋಡ್ಲೇ," ಎಂದಿದ್ದರು ಮನೆಗೆ ಬಂದು. "ವ್ಯಾಪಾರ ತಾನಾ ಮನಿಗಿ ನಡಕೋತ ಬರ್ತದ."

ನಾನು ಆಗ ನಕ್ಕಿದ್ದೆ. ನಾನು ಓದುತ್ತಿದ್ದದ್ದು ಗುಲಬರ್ಗಾದ ಡಿಪ್ಲೊಮಾ, ಪಾಸಾಗುವ ಲಕ್ಷಣ ಇರಲಿಲ್ಲ. ಆದರೆ ಮನೆಯ ಜೀಪು ನನ್ನ ಮಾತು ಕೇಳುತ್ತಿತ್ತು. ಅಫಜಲಪುರದ ಹತ್ತಿರ ಭೀಮಾ ಹೊಳೆಯ ಬೇಸಿಗೆ ಉಸುಕಿನಲ್ಲಿ ಬೇರೆಯವರ ಗಾಡಿ ಹೂತು ಕೂತಾಗ ನಾನು ಎರಡನೇ ಗೇರಿನಲ್ಲಿ ಆಚೆ ದಂಡೆ ಮುಟ್ಟಿರುತ್ತಿದ್ದೆ. ಕಾಕಾ ಅದನ್ನು ನೋಡಿದ್ದರು. ಮುಂದಿನ ಸಲ ಮದ್ರಾಸಿನಿಂದ ವಾಪಸು ಬರುವ ತೊಗರಿ ಲಾರಿಯಲ್ಲಿ ಒಂದು ಹಳೆಯ ರೇಸ್ ಕಾರು ಹಾಕಿಸಿಕೊಂಡು ಬಂದರು.

ಆ ಕಾರನ್ನು ಲಾರಿಯಿಂದ ಇಳಿಸಿದ ದಿನ ಆಳಂದದ ಅರ್ಧ ಊರು ಬಸ್‌ಸ್ಟ್ಯಾಂಡಿನ ಹಿಂದೆ ನೆರೆದಿತ್ತು. ಸೊಂಟದೆತ್ತರವೂ ಇಲ್ಲ, ಬಾಗಿಲಿಲ್ಲ, ಮೇಲ್ಛಾವಣಿಯಿಲ್ಲ, ಚಕ್ರ ನಾಲ್ಕೂ ಮೈಯಿಂದ ಹೊರಗೆ. ಒಂದು ಜೀಪಿನಲ್ಲಿ ಇಪ್ಪತ್ತು ಮಂದಿ ಕೂತು, ಐದು ಮಂದಿ ಹಿಂದೆ ಜೋತು ಬೀಳುವ ಸೀಮೆ ನಮ್ಮದು. ಒಬ್ಬ ಮುದುಕರು ಕಾರಿನ ಸುತ್ತ ಎರಡು ಸಲ ತಿರುಗಿ ಬಂದು ಕೇಳಿದರು, "ಎಲ್ಲಾ ಛಲೋ ಅದರಿ. ಉಳದವರು ಎಲ್ಲಿ ಕೂಡಬೇಕು?" ಒಬ್ಬರೇ ಕೂಡುವುದು ಎಂದು ಹೇಳಿದಾಗ, ಇದೆಂಥ ಸ್ವಾರ್ಥಿ ಗಾಡಿ ಎಂಬಂತೆ ಮುಖ ಮಾಡಿ ಹೊರಟುಹೋದರು.

ಕಾರು ರಿಪೇರಿಗೆ ಒಬ್ಬ ಮಿಸ್ತ್ರಿ ಇದ್ದರು. ಬಸ್‌ಸ್ಟ್ಯಾಂಡಿನ ಹಿಂದೆ ಡೀಸೆಲ್ ಎಂಜಿನ್, ಕಾಳು ಒಕ್ಕುವ ರಾಶಿ ಮಷಿನ್ ರಿಪೇರಿ ಮಾಡುತ್ತಿದ್ದ ಮುಸ್ಲಿಂ ಹಿರಿಯರು. ನಾನು ಚಾಚಾ ಎನ್ನುತ್ತಿದ್ದೆ. ಓದು ಬರಹ ಅಷ್ಟಕ್ಕಷ್ಟೆ, ಆದರೆ ಎಂಜಿನ್ನಿನ ಮೇಲೆ ಕಟ್ಟಿಗೆ ತುಂಡು ಇಟ್ಟು ಇನ್ನೊಂದು ತುದಿಗೆ ಕಿವಿ ಹಚ್ಚಿದರೆ ಒಳಗಿನ ರೋಗ ಹೇಳುತ್ತಿದ್ದರು. ತೊಗರಿ ರಾಶಿಯ ಕಾಲದಲ್ಲಿ ನಮ್ಮ ಕಡೆ ಹೊಟ್ಟಿನ ಧೂಳು ಎಂಜಿನ್ನುಗಳನ್ನು ಕೊಲ್ಲುತ್ತದೆ. ಅದಕ್ಕೆ ಚಾಚಾ ಗಾಳಿ ಎಳೆಯುವ ಬಾಯಿಗೆ ಹಳೆಯ ಧೋತರದ ಬಟ್ಟೆಯನ್ನು ಎರಡು ಮಡಿಕೆ ಮಾಡಿ, ಎಣ್ಣೆಯಲ್ಲಿ ಅದ್ದಿ ಹಿಂಡಿ ಕಟ್ಟುತ್ತಿದ್ದರು. ರೇಸ್ ಕಾರಿಗೂ ಹಾಗೇ ಕಟ್ಟಿದರು. ಮದ್ರಾಸಿನಲ್ಲಿ ಮೊದಲ ದಿನ ಉಳಿದ ಮೆಕ್ಯಾನಿಕ್ಕುಗಳು ಅದನ್ನು ನೋಡಿ ಹೊಟ್ಟೆ ಹಿಡಿದುಕೊಂಡು ನಕ್ಕರು.

ಪ್ರಾಕ್ಟೀಸಿಗೆ ನಾವು ಗಡಿಯ ಮೇಲಿನ ಹಿರೋಳ್ಳಿ ಕಡೆ ಹೋಗುತ್ತಿದ್ದೆವು. ನಸುಕಿನಲ್ಲಿ ರಸ್ತೆ ಖಾಲಿ. ಇತ್ತ ಕಡೆಯ ಪೊಲೀಸರು ಬಂದರೆ ಗಡಿ ದಾಟಿ ಮಹಾರಾಷ್ಟ್ರದಲ್ಲಿ ನಿಲ್ಲುವುದು, ಅತ್ತ ಕಡೆಯವರು ಬಂದರೆ ತಿರುಗಿಸಿ ಇತ್ತ ಬರುವುದು. ಎರಡೂ ಕಡೆಯವರು ಕೂಡಿ ಬಂದ ದಿನ ಒಂದೇ, ಆ ದಿನ ಅವರೇ ಸರದಿಯ ಮೇಲೆ ಕಾರಿನಲ್ಲಿ ಕೂತು ನೋಡಿ ಬಿಟ್ಟುಕಳಿಸಿದರು.

ಸೀಸನ್ನಿನ ಮೊದಲ ರೇಸಿನಲ್ಲಿ ನಾನು ಆರನೆಯವನು. ವಿಮಾನ ಪಟ್ಟಿಯ ಸಿಮೆಂಟಿನ ಮೇಲೆ ಡ್ರಮ್ಮು, ಹುಲ್ಲಿನ ಪೆಂಡಿ ಇಟ್ಟು ತಿರುವು ಮಾಡಿರುತ್ತಿದ್ದರು. ಯಾವ ಡ್ರಮ್ಮಿನ ಹತ್ತಿರ ಬ್ರೇಕು ಒತ್ತಬೇಕು ಎಂಬುದೇ ನನಗೆ ತಿಳಿಯಲಿಲ್ಲ. ಎರಡನೆಯದರಲ್ಲಿ ಗಾಳಿ ಎದ್ದು ಮೈದಾನದ ಧೂಳೆಲ್ಲ ಟ್ರ್ಯಾಕಿಗೆ ಬಂತು. ನಕ್ಕವರ ಕಾರುಗಳು ಒಂದೊಂದಾಗಿ ಕೆಮ್ಮಿ ನಿಂತವು, ನಮ್ಮ ಧೋತರದ ಕಾರು ಮೂರನೆಯದಾಗಿ ಬಂತು. ಚಾಚಾ ಬಟ್ಟೆ ಬಿಚ್ಚಿ ಎಲ್ಲರಿಗೂ ಕಾಣುವ ಹಾಗೆ ಝಾಡಿಸಿ ಒಣಗಹಾಕಿದರು. ಮೂರನೆಯ ರೇಸು ನಾನು ಗೆದ್ದೆ.

ಗೆದ್ದ ಬಗೆ ಹೇಳಲೇಬೇಕು, ಯಾಕೆಂದರೆ ನನ್ನ ಬದುಕಿನಲ್ಲಿ ಯಾರ ದಯೆಯೂ ಇಲ್ಲದೆ ದಕ್ಕಿದ್ದು ಅದೊಂದೇ. ಮುಂದೆ ಇದ್ದವನು ಕೊಯಮತ್ತೂರಿನ ಹುಡುಗ. ಅವನ ಅಪ್ಪನದು ಪಂಪ್‌ಸೆಟ್ ಕಾರ್ಖಾನೆ. ಹೊಸ ಕಾರು, ನಾಲ್ಕು ಮೆಕ್ಯಾನಿಕ್ಕು, ತೊಟ್ಟ ಬೂಟೂ ವಿದೇಶದ್ದು. ಲಾರಿಯ ಬೆನ್ನಿಗೆ ಸೈಕಲ್ಲು ಹಚ್ಚಿದರೆ ಗಾಳಿ ತಾಗದೆ ಹಗುರಾಗಿ ಸಾಗುತ್ತದಲ್ಲ, ಹಾಗೆ ನಾನು ಎಂಟು ಸುತ್ತು ಅವನ ಬೆನ್ನಿಗೇ ಇದ್ದೆ. ಕೊನೆಯ ಸುತ್ತಿನ ಕೊನೆಯ ತಿರುವಿನಲ್ಲಿ ಅವನು ಹೊರಗೆ ಜರುಗುವುದನ್ನೇ ಕಾದು ಒಳಗೆ ನುಗ್ಗಿದೆ. ಇಳಿದ ಮೇಲೆ ಅವನೇ ಬಂದು ಕೈ ಕುಲುಕಿದ, ಅವನ ಬಿಸ್ಕೀಟು ನನಗೆ ಕೊಟ್ಟ. ಒಳ್ಳೆಯ ಹುಡುಗ. ಅವನ ಮೇಲೆ ನನಗೆ ಆಗಲೂ ಸಿಟ್ಟಿರಲಿಲ್ಲ, ಈಗಲೂ ಇಲ್ಲ.

ನಾಲ್ಕನೆಯದರಲ್ಲಿ ಅವನು ಮೊದಲು, ನಾನು ಎರಡನೆಯವನು. ಒಟ್ಟು ಲೆಕ್ಕದಲ್ಲಿ ನಾನೇ ಇನ್ನೂ ಮುಂದೆ, ಅವನು ನನ್ನ ಹಿಂದೆಯೇ. ಅಂದು ಸಂಜೆ ಕಾಕಾ ಕೊನೆಗೂ ಆ ಶಾಮಿಯಾನಾದ ಕೆಳಗೆ ಕೂತದ್ದನ್ನು ನಾನು ಕಂಡೆ. ಪಕ್ಕದಲ್ಲಿ ಆ ಹುಡುಗನ ಅಪ್ಪ. ಇಬ್ಬರ ಕೈಯಲ್ಲೂ ಚಹಾ. ನಮ್ಮ ಕಾಕಾ ದೊಡ್ಡವರ ಸರಿಸಮ ಕೂತರಲ್ಲ ಎಂದು ನನಗೆ ಹೆಮ್ಮೆಯಾಯಿತು. ದೂರದಿಂದ ಕೈ ಬೀಸಿದೆ. ಅವರೂ ಬೀಸಿದರು.

ಇನ್ನು ಲಿಂಗದ ಮಾತು. ನಮ್ಮದು ಲಿಂಗವಂತರ ಮನೆ, ಹುಟ್ಟಿದಾಗ ಕಟ್ಟಿದ ಇಷ್ಟಲಿಂಗ ಮೈಮೇಲಿಂದ ಅಗಲುವುದಿಲ್ಲ. ನಿಂಬೆಕಾಯಿ ಗಾತ್ರದ ಬೆಳ್ಳಿ ಕರಡಿಗೆಯೊಳಗೆ ಲಿಂಗ, ಶಿವದಾರದಲ್ಲಿ ಕೊರಳಿನಿಂದ ಎದೆಯ ಮೇಲೆ ಇಳಿಬಿದ್ದಿರುತ್ತದೆ. ರೇಸ್ ಕಾರಿನಲ್ಲಿ ಎರಡು ಭುಜದಿಂದ ಇಳಿದು ಹೊಟ್ಟೆಯ ಮೇಲೆ ಕೂಡುವ ದಪ್ಪ ಬೆಲ್ಟು ಬಿಗಿಯುತ್ತಾರೆ. ಆ ಬೆಲ್ಟಿನ ಅಡಿಗೆ ಕರಡಿಗೆ ಸಿಕ್ಕು ಪ್ರತಿ ರೇಸಿಗೂ ನನ್ನ ಎದೆಯಲ್ಲಿ ಒಂದು ಗುಂಡನೆಯ ಬಾವು ಏಳುತ್ತಿತ್ತು. ಯಾರಿಗೂ ತೋರಿಸಲಿಲ್ಲ. ಅವ್ವನಿಗಂತೂ ಇಲ್ಲ, ಕಾರಿಗೇ ಹೋಗಬೇಡ ಎಂದುಬಿಟ್ಟರೆ ಎಂಬ ಹೆದರಿಕೆ. ನಾಲ್ಕು ರೇಸುಗಳಲ್ಲಿ ತಪಾಸಣೆ ಮಾಡುವವರೂ ಕೇಳಿರಲಿಲ್ಲ, ಅದು ಮೇಲಂಗಿಯ ಒಳಗೆ ಇರುತ್ತಿತ್ತು.

ಐದನೆಯ ರೇಸಿನ ಬೆಳಿಗ್ಗೆ ತಪಾಸಣೆಯ ಶೆಡ್ಡಿನಲ್ಲಿ ನಾವು ಮೂವರೂ ನಿಂತಿದ್ದೆವು, ನಾನು, ಕಾಕಾ, ಚಾಚಾ. ತಪಾಸಣೆಯವರು ವಯಸ್ಸಾದವರು, ಬಿಳಿ ಅಂಗಿ, ಜೇಬಿನಲ್ಲಿ ಎರಡು ಪೆನ್ನು. ಕಾರನ್ನು ಇನ್ನೂ ಮುಟ್ಟಿರಲಿಲ್ಲ. ನೇರವಾಗಿ ನನ್ನ ಹತ್ತಿರ ಬಂದು ಎದೆಯ ನಡುವೆ ಬೆರಳು ಮಾಡಿ ಒಳಗೇನಿದೆ ಎಂದು ಇಂಗ್ಲಿಷಿನಲ್ಲಿ ಕೇಳಿದರು. ತೋರಿಸಿದೆ. ಅವರು ಮುಟ್ಟಲಿಲ್ಲ, ಒಂದು ಹೆಜ್ಜೆ ಹಿಂದೆ ಸರಿದು ನೋಡಿದರು. ಇದು ಬೆಲ್ಟಿನ ಅಡಿಗೆ ಇರಬಾರದು, ಗಾಡಿ ಡಿಕ್ಕಿ ಹೊಡೆದರೆ ನಿನ್ನ ಪಕ್ಕೆಲುಬು ಮುರಿಯುತ್ತದೆ, ನಿಯಮವಿದೆ, ಎಂದರು. ಅವರ ದನಿಯಲ್ಲಿ ಒರಟುತನ ಇರಲಿಲ್ಲ. ತೆಗೆ ಎಂದೂ ಅನ್ನಲಿಲ್ಲ. ಆ ಮಾತನ್ನು ಶೆಡ್ಡಿನೊಳಗೆ ತಂದವರು ಕಾಕಾ.

"ಲಿಂಗ ತೆಗೀಬೇಕಂತೇನು?" ಎಂದು ಅವರು ಎಂಥ ದನಿ ತೆಗೆದರೆಂದರೆ ಆಚೆ ಶೆಡ್ಡಿನವರೂ ತಿರುಗಿ ನೋಡಿದರು. "ಜೀವ ಹೋದ್ರೂ ತೆಗ್ಯೂದಿಲ್ಲ! ನಮಗ ಇವರ ಕಪ್ ಬ್ಯಾಡ, ಏನೂ ಬ್ಯಾಡ. ನಡೀಲೇ!"

ಚಾಚಾ ಮುಂದೆ ಬಂದು ಕಾಕಾ ಅವರ ಕೈ ಹಿಡಿದರು. "ಜರಾ ಠೈರ್ರಿ ಮಾಲಕ್. ಏನರ ದಾರಿ ಇರ್ತದ್ರಿ. ಕೇಳೂಣು ಅವರಿಗಿ."

"ಇದು ನಿಮಗ ತಿಳಿಯೂ ಮಾತಲ್ಲ. ಸುಮ್ಮನಿರ್ರಿ," ಎಂದರು ಕಾಕಾ.

ಚಾಚಾ ಕೈ ಬಿಟ್ಟರು. ಒಂದು ವರ್ಷ ನನ್ನ ಕಾರಿನ ಅಡಿಗೆ ಬೆನ್ನು ಹಚ್ಚಿ ಮಲಗಿದ ಮನುಷ್ಯನಿಗೆ ನನ್ನ ಮುಂದೆಯೇ ಆ ಮಾತು ಬಂತು, ನಾನು ತುಟಿ ಬಿಚ್ಚಲಿಲ್ಲ. ಬಿಚ್ಚುವುದಿರಲಿ, ನನಗೆ ಆ ಹೊತ್ತಿಗೆ ರೋಮಾಂಚನವಾಗಿತ್ತು. ಧರ್ಮಕ್ಕಾಗಿ ಚಾಂಪಿಯನ್‌ಶಿಪ್ ಒದ್ದವನು ಎಂದು ನನ್ನನ್ನು ನಾನೇ ದೂರದಿಂದ ನೋಡುತ್ತ ನಿಂತಿದ್ದೆ. ರೇಸಿನಿಂದ ಹಿಂದೆ ಸರಿಯುತ್ತೇನೆ ಎಂಬ ಕಾಗದ ತಂದರು. ಕಾಕಾ ಪೆನ್ನು ಕೊಟ್ಟರು. ದೊಡ್ಡ ಅಕ್ಷರದಲ್ಲಿ ಸಹಿ ಮಾಡಿದೆ.

ಆಮೇಲೆ ಹಗ್ಗದ ಆಚೆ, ಜನರ ನಡುವೆ ನಿಂತು ನನ್ನ ರೇಸನ್ನು ನಾನು ನೋಡಿದೆ. ನಾನು ನಿಲ್ಲಬೇಕಾಗಿದ್ದ ಮೊದಲ ಸಾಲಿನಲ್ಲಿ ಒಂದು ಕಾರಿನಷ್ಟು ಜಾಗ ಖಾಲಿ ಬಿಟ್ಟಿದ್ದರು. ಬಾವುಟ ಇಳಿಯಿತು, ಕೊಯಮತ್ತೂರಿನ ಹುಡುಗ ಹೋದ, ಯಾರೂ ಅವನನ್ನು ಮುಟ್ಟಲಿಲ್ಲ. ಎಂಜಿನ್ನುಗಳ ಸದ್ದು ಕಿವಿಗೆ ಬಿದ್ದ ಮೇಲೆಯೇ ನನಗೆ ಏನು ಕಳೆದುಕೊಂಡೆನೆಂಬುದು ಗೊತ್ತಾದದ್ದು. ಕಾಲು ತಾನಾಗಿ ಕ್ಲಚ್ಚು ಒತ್ತುತ್ತಿತ್ತು, ಕೈ ತಾನಾಗಿ ಗೇರು ಹುಡುಕುತ್ತಿತ್ತು. ಕಪ್ ಹಿಡಿದುಕೊಂಡು ಇಳಿದ ಮೇಲೆ ಆ ಹುಡುಗ ನನ್ನನ್ನು ಹುಡುಕಿಕೊಂಡು ಬಂದ. ನಿನ್ನ ಜೊತೆ ಓಡಿಸಿ ಗೆಲ್ಲಬೇಕಿತ್ತು, ಹೀಗಲ್ಲ, ಎಂದ. ಅವನ ಕಣ್ಣು ಕೆಂಪಾಗಿತ್ತು.

ಕಾರಿನಲ್ಲಿ ಏನೋ ಕೆಲಸ ಇದೆ, ಇಲ್ಲೇ ಇರಲಿ ಎಂದರು ಕಾಕಾ. ತಾವೂ ಮಾಲು ನೋಡುವುದಿದೆ ಎಂದು ಅಲ್ಲಿಂದ ಕೊಯಮತ್ತೂರಿಗೆ ಹೋದರು. ನಾನು, ಚಾಚಾ ಇಬ್ಬರೇ ಗುಲಬರ್ಗಾದ ರೈಲು ಹತ್ತಿದೆವು. ರಾಯಚೂರು ದಾಟಿದ ಮೇಲೆ ಚಾಚಾ ಕಿಟಕಿಯ ಕಡೆ ನೋಡುತ್ತಲೇ ಕೇಳಿದರು. "ನಾಕ್ ಸಲ ಯಾರೂ ಕೇಳಿದ್ದಿಲ್ಲ. ಈ ಸಲ ಆ ಮನಷಾ ಸೀದಾ ಅಲ್ಲೇ ಬೆರಳು ಮಾಡ್ದ. ಅವಗ ಯಾರು ಹೇಳ್ಯಾರ, ಬೇಟಾ?"

"ಯಾರರ ಹೇಳಿರಲಿ," ಎಂದು ನಾನು ಸಿಡುಕಿದೆ. "ನಿಮಗ ಇದು ತಿಳಿಯೂದಿಲ್ಲ ಚಾಚಾ." ಕಾಕಾ ಆಡಿದ ಮಾತೇ ನನ್ನ ಬಾಯಿಂದ ಬಂತು.

ಊರಿಗೆ ಬಂದರೆ ಸುದ್ದಿ ನಮಗಿಂತ ಮೊದಲೇ ಬಂದಿತ್ತು, ಕಾಕಾ ಫೋನು ಮಾಡಿ ಹೇಳಿದ್ದರು. ಎರಡು ದಿನದಲ್ಲಿ ಸತ್ಕಾರ ಸಮಾರಂಭ. ಪೇಟಾ ಸುತ್ತಿದರು, ಶಾಲು ಹೊದಿಸಿದರು, ಮಂತ್ರಿಗೆ ಹಾಕುವಂಥ ಹಾರ ಹಾಕಿದರು. ಒಬ್ಬ ಹಿರಿಯರು ನನ್ನನ್ನು ಹಳೆಯ ಶರಣರ ಸಾಲಿಗೆ ಸೇರಿಸಿ ಮಾತಾಡಿದರು. ಗೆದ್ದು ಬಂದಿದ್ದರೆ ಇದರ ಅರ್ಧ ಮಂದಿಯೂ ಬರುತ್ತಿರಲಿಲ್ಲ, ರೇಸು ಅಂದರೆ ಏನೆಂದೇ ಬಹಳ ಮಂದಿಗೆ ಗೊತ್ತಿರಲಿಲ್ಲ. ನಾನು ತಲೆ ಬಗ್ಗಿಸಿ ಕೂತಿದ್ದೆ. ವಿನಯ ಎಂದುಕೊಂಡರು. ಎದೆಯೊಳಗೆ ಎಲ್ಲೋ ಒಂದು ಕಡೆ ಸುಖವೂ ಆಗುತ್ತಿತ್ತು.

ಅದಾದ ಮರುದಿನ ಮಧ್ಯಾಹ್ನ ಮನೆಯ ಹಿತ್ತಲಲ್ಲಿ ಜಳಕ ಮಾಡುತ್ತಿದ್ದೆ. ಬಿಸಿನೀರು ತಂದ ಅವ್ವ ನನ್ನ ಎದೆಯ ಮೇಲೆ, ರೇಸಿನ ಹಿಂದಿನ ದಿನದ ಪ್ರಾಕ್ಟೀಸಿನಲ್ಲಿ ಎದ್ದು ಈಗ ಹಸಿರುಗಟ್ಟಿದ್ದ ಗುರುತು ನೋಡಿಬಿಟ್ಟಳು.

"ಇದೇನಲೇ ಇದು?"

ಬೆಲ್ಟು, ಕರಡಿಗೆ, ಬಾವು, ಎಲ್ಲ ಹೇಳಿದೆ. ಆಕೆ ಕೊಡ ಕೆಳಗಿಟ್ಟಳು.

"ರಟ್ಟಿಗಿ ಕಟ್ಕೋಬೇಕಿತ್ತು, ಹುಚ್ಚಪ್ಪ," ಎಂದಳು. ರಟ್ಟಿ ಅಂದರೆ ತೋಳು. "ಕೂಲಿ ಮಾಡೋ ಹೆಣ್ಮಕ್ಕಳು ಕಟ್ಕೊಂಡಿರೂದಿಲ್ಲೇನು? ಮೂಟಿ ಹೊರಾವ್ರು? ಬಟ್ಟ್ಯಾಗ ಸುತ್ತಿ ರಟ್ಟಿಗಿ ಕಟ್ಟಿದ್ರ ಅದೇನು ಮೈಬಿಟ್ಟು ಹೋಗ್ತಿತ್ತೇನು?"

ನಾನು ತಂಬಿಗೆ ಹಿಡಿದು ಹಾಗೇ ಕೂತೆ.

"ನಿಮ್ಮ ಮುತ್ಯಾ ಬಾವಿ ಹೂಳು ತಗ್ಯಾಕ ಇಳೀವಾಗ ಎದಿಗಿ ಹಗ್ಗ ಸುತ್ಕೋತಿದ್ರು. ಆವಾಗ ಲಿಂಗ ರಟ್ಟಿಗೇ ಕಟ್ತಿದ್ರು. ನಾ ಸೊಸಿಯಾಗಿ ಬಂದಾಗಿಂದ ನೋಡೇನಿ," ಎಂದಳು ಅವ್ವ. ಆಮೇಲೆ, ತಾನು ಆಡುತ್ತಿರುವುದು ಏನೆಂದು ಆಗಷ್ಟೇ ತಿಳಿದವಳಂತೆ, ಮೆಲ್ಲಗೆ ಹೇಳಿದಳು. "ಕಟ್ತಿದ್ದವರೇ ನಿಮ್ಮ ಕಾಕಾ."

ಲಿಂಗ ಎದೆಯ ಮೇಲೆಯೇ ಇರಬೇಕೆಂದು ನಮ್ಮಲ್ಲಿ ಯಾರೂ ಹೇಳಿಲ್ಲ, ಮೈಮೇಲೆ ಇರಬೇಕು ಅಷ್ಟೆ. ರಾಶಿ ಕಣದಲ್ಲಿ, ಕಲ್ಲು ಗಣಿಯಲ್ಲಿ ತೋಳಿಗೆ ಕಟ್ಟಿಕೊಂಡವರನ್ನು ನಾನು ಸಾವಿರ ಸಲ ನೋಡಿದ್ದೆ. ಮೈಮುರಿದು ದುಡಿಯುವವರ ರೂಢಿ ಅದು, ನನ್ನಂಥ ಜೀಪಿನ ಹುಡುಗನಿಗೆ ಆ ಹೊತ್ತಿಗೆ ನೆನಪಾಗಲಿಲ್ಲ. ಕಾಕಾಗೆ ಮರೆಯಲು ಸಾಧ್ಯವಿರಲಿಲ್ಲ. ತಮ್ಮ ಅಪ್ಪನ ತೋಳಿಗೆ ಸ್ವಂತ ಕೈಯಿಂದ ಗಂಟು ಹಾಕಿದವರು ಅವರು. ತಪಾಸಣೆಯವರಿಗೆ ಅದನ್ನು ಹೇಳಲು ಒಂದು ನಿಮಿಷ ಸಾಕಾಗುತ್ತಿತ್ತು. ಆಗ ನನಗೆ ಬಂದಂಥ ಸಿಟ್ಟು ಅದಕ್ಕೆ ಮೊದಲು ಬಂದಿರಲಿಲ್ಲ. ಚಾಚಾನ ಪ್ರಶ್ನೆಗೂ ಉತ್ತರ ಸಿಕ್ಕಂತಾಗಿ ಕೈಯಲ್ಲಿದ್ದ ತಂಬಿಗೆಯನ್ನು ಗೋಡೆಗೆ ಬೀಸಿ ಒಗೆದೆ. ಅವ್ವ ಅದನ್ನು ಎತ್ತಿಕೊಂಡು ಒಳಗೆ ಹೋದಳು.

ಮುಂದಿನ ವಾರ ಜೇವರ್ಗಿಯಿಂದ ಕರೆ ಬಂತು. ಕಾಕಾ ಅಂಗಡಿಯ ಪಕ್ಕದ ಜಾಗದಲ್ಲಿ ಹೊಸ ಮಳಿಗೆ ತೆರೆಯುತ್ತಿದ್ದರು. ನಾನೂ ಅವ್ವನೂ ಗುಲಬರ್ಗಾಕ್ಕೆ ಹೋಗಿ ಅಲ್ಲಿಂದ ಬಸ್ಸು ಬದಲಿಸಿ ಹೋದೆವು. ಎಲ್ಲರೆದುರು ಕೇಳುತ್ತೇನೆ ಎಂದು ದಾರಿಯುದ್ದಕ್ಕೂ ಮನಸ್ಸಿನಲ್ಲಿ ಮಾತು ಮಸೆದುಕೊಂಡೆ. ಅಲ್ಲಿ ಇಳಿದಾಗ ಕೇಳುವುದೇನೂ ಉಳಿದಿರಲಿಲ್ಲ. ಮಳಿಗೆಯ ಮುಂದೆ ಸಾಲಾಗಿ ಹೊಸ ಪಂಪ್‌ಸೆಟ್ಟುಗಳು, ಪ್ರತಿಯೊಂದಕ್ಕೂ ಕುಂಕುಮ. ಮೇಲೆ ಬೋರ್ಡು: ಜೇವರ್ಗಿ, ಅಫಜಲಪುರ, ಆಳಂದ, ಮೂರೂ ತಾಲೂಕಿಗೆ ಅಧಿಕೃತ ಏಜೆನ್ಸಿ. ಭೀಮಾ ದಂಡೆಯ ರೈತರೆಲ್ಲ ಹೊಳೆಯ ನೀರು ಎತ್ತಲು ಪಂಪ್‌ಸೆಟ್ಟಿಗೆ ಮುಗಿಬೀಳುತ್ತಿದ್ದ ಕಾಲ. ವೇದಿಕೆಯ ಮೇಲೆ ಮುಖ್ಯ ಅತಿಥಿಯ ಕುರ್ಚಿಯಲ್ಲಿ ಕೊಯಮತ್ತೂರಿನ ಆ ಹುಡುಗನ ಅಪ್ಪ ಕೂತಿದ್ದರು. ನನ್ನನ್ನು ಕಂಡು ಎದ್ದು ನಿಂತು ಕೈ ಮುಗಿದರು.

ಕಾಕಾ ಮಳಿಗೆಯ ಹಿಂದೆ ತೆಂಗಿನಕಾಯಿ ಎಣಿಸುತ್ತಿದ್ದರು. ನಾನು ಹೋಗಿ ಎದುರಿಗೆ ನಿಂತೆ.

"ರಟ್ಟಿಗಿ ಕಟ್ಟಬಹುದಿತ್ತಲ್ಲ, ಕಾಕಾ?"

ಅವರು ತಲೆ ಎತ್ತಿದರು. ಸುಳ್ಳು ಹೇಳುತ್ತಾರೆ ಎಂದುಕೊಂಡಿದ್ದೆ. ಹೇಳಿದ್ದರೆ ಎಷ್ಟೋ ವಾಸಿ ಇತ್ತು.

"ಕಟ್ಟಬಹುದಿತ್ತು," ಎಂದರು.

"ಆ ತಪಾಸಣಿಯವರಿಗಿ ಹೇಳ್ದವ್ರು?"

"ನಾನೇ ಹೇಳೇನಿ. ಮತ್ಯಾರು ಹೇಳ್ತಾರ?" ಕಾಯಿಯ ಜುಟ್ಟು ಸರಿಮಾಡುತ್ತ ಹೇಳಿದರು. "ಅವರ ಹುಡುಗಗ ಆ ಕಪ್ ಬೇಕಾಗಿತ್ತು. ನಮಗ ಇದು ಬೇಕಾಗಿತ್ತು. ಕಪ್ ತಗೊಂಡು ಏನ್ ಮಾಡ್ತಿದ್ದಿಲೇ? ಕಪ್ಪಿನಿಂದ ಹೊಳಿ ನೀರು ಎತ್ತಾಕ ಬರ್ತದೇನು? ನಿನ್ನ ಹೆಸರೂ ಕೆಡಲಿಲ್ಲ, ಗೆದ್ದಿದ್ರ ಇಷ್ಟು ಹೆಸರು ಬರ್ತಿದ್ದಿಲ್ಲ. ಯಾರಿಗಿ ಏನು ಲುಕ್ಸಾನ್ ಆತು, ನೀನೇ ಹೇಳು."

ನನಗೆ ಆತು ಎಂದು ಒದರಬೇಕಿತ್ತು. ಕಾಕಾ ನನ್ನ ಹೆಗಲ ಮೇಲೆ ಕೈ ಹಾಕಿದರು. "ಒಳಗ ಮ್ಯಾನೇಜರ್ ಕುರ್ಚಿ ಹಾಕ್ಸೇನಿ, ನಿನಗೇ. ಡಿಪ್ಲೊಮಾ ಗಿಪ್ಲೊಮಾ ಸಾಕು. ಈಗ ಬಾ, ಎರಡು ಮಾತು ಆಡು. ಮಂದಿ ನಿನ್ನ ನೋಡಾಕಂತ ಬಂದಾರ."

ಮೈಕಿನ ಮುಂದೆ ನಿಲ್ಲಿಸಿದರು. ನಾಲ್ಕೈದು ನೂರು ಜನ ಇದ್ದಿರಬೇಕು. ಹೆಂಗಸರ ಸಾಲಿನ ತುದಿಗೆ ಅವ್ವ ಕೂತಿದ್ದಳು, ಸೆರಗಿನ ತುದಿ ಕೈಯಲ್ಲಿ ಹಿಡಿದು, ನನ್ನನ್ನೇ ನೋಡುತ್ತ. ನಿಜ ಹೇಳುತ್ತಾನೆ ಎಂದು ಆಕೆಗೆ ಖಾತ್ರಿ ಇತ್ತು, ಮುಖದಲ್ಲಿ ಕಾಣುತ್ತಿತ್ತು. ಬಸ್ಸಿನಲ್ಲಿ ಮಸೆದಿಟ್ಟುಕೊಂಡ ಮಾತುಗಳೆಲ್ಲ ನನ್ನ ನಾಲಿಗೆಯ ಮೇಲೆಯೇ ಇದ್ದವು. ನನ್ನ ರೇಸನ್ನು ಮಾರಿಕೊಂಡಿದ್ದಾರೆ ಎಂದರೆ ಸಾಕಿತ್ತು, ಮುಂದಿನದು ತಾನಾಗಿ ಬರುತ್ತಿತ್ತು. ಅಷ್ಟರಲ್ಲಿ ಮುಂದಿನ ಸಾಲಿನಲ್ಲಿದ್ದ ವಯಸ್ಸಾದ ರೈತರೊಬ್ಬರು ಎದ್ದು, ತಲೆಯ ರುಮಾಲು ತೆಗೆದು, ನನಗೆ ಕೈ ಮುಗಿದರು. ಅವರನ್ನು ನೋಡಿ ಹಿಂದಿನ ಸಾಲಿನವರೂ ಎದ್ದರು.

ಅವ್ವನ ಮರ್ಯಾದೆಗೆ ಹೆದರಿದೆ, ಮನೆತನದ ಮರ್ಯಾದೆಗೆ ಹೆದರಿದೆ ಎಂದೆಲ್ಲ ನನಗೆ ನಾನೇ ಬಹಳ ವರ್ಷ ಹೇಳಿಕೊಂಡಿದ್ದೇನೆ. ಎಲ್ಲ ಬೊಗಳೆ. ಆ ಕೈಗಳು ಕೆಳಗೆ ಇಳಿಯುವುದು ನನಗೆ ಬೇಡವಾಗಿತ್ತು. ಕುರ್ಚಿಯೂ ಬೇಕಾಗಿತ್ತು. ಲಿಂಗಕ್ಕಿಂತ ದೊಡ್ಡ ಕಪ್ ಯಾವುದಿದೆ ಎಂದು ಕೇಳಿದೆ. ಚಪ್ಪಾಳೆ ಬಿತ್ತು. ಆ ದಿನ ಶೆಡ್ಡಿನಲ್ಲಿ ನನಗೆ ಧೈರ್ಯ ಕೊಟ್ಟವರು ನಮ್ಮ ಕಾಕಾ ಎಂದೆ. ಇನ್ನೂ ಜೋರಾಗಿ ಬಿತ್ತು. ಕಾಕಾ ಕಣ್ಣು ಒರೆಸಿಕೊಂಡರು, ಅದು ನಾಟಕವೋ ನಿಜವೋ ನನಗೆ ಇವತ್ತಿಗೂ ತಿಳಿದಿಲ್ಲ. ನಾನು ಹೆಂಗಸರ ಸಾಲಿನ ಕಡೆ ನೋಡಲಿಲ್ಲ.

ಸಂಜೆಯ ಬಸ್ಸಿನಲ್ಲಿ ಅವ್ವ ಕಿಟಕಿಯ ಕಡೆ ಕೂತಳು. ಊಟ ಮಾಡಿಬಂದಿರಲಿಲ್ಲ. ಗುಲಬರ್ಗಾದಲ್ಲಿ ಬಸ್ಸು ಬದಲಿಸುವಾಗ ಬಾಳೆಹಣ್ಣು ತಂದುಕೊಟ್ಟೆ, ಮುಟ್ಟಲಿಲ್ಲ. ಆಳಂದದ ದೀಪ ಕಾಣುವ ಹೊತ್ತಿಗೆ ನನ್ನ ಕಡೆ ತಿರುಗದೆ ಮಾತಾಡಿದಳು.

"ನಿಮ್ಮ ಕಾಕಾ ನಿನ್ನ ಮಾರಿದ. ಅವ ವ್ಯಾಪಾರಸ್ಥ, ಮಾರ್ತಾನ. ಅದಕ್ಕ ನಾ ಒಂದು ವಾರ ಅತ್ತೇನಿ." ಅವ್ವ ತನ್ನ ಮೈದುನನನ್ನು ಏಕವಚನದಲ್ಲಿ ಕರೆದದ್ದನ್ನು ನಾನು ಕೇಳಿದ್ದು ಅದೇ ಮೊದಲು. "ಇವತ್ತು ನೀ ಮಾರಿದ್ದು ಏನು ಅಂತ ನಿನಗ ತಿಳೀತೇನಲೇ? ಕೊರಳಾಗ ಹಾಕ್ಕೊಂಡು ನಿಂತೇ ಮಾರಿದಿ."

ಬಸ್‌ಸ್ಟ್ಯಾಂಡಿನಿಂದ ಮನೆಯವರೆಗೆ ಆಕೆ ನನ್ನ ಮುಂದೆ ನಡೆದಳು, ನಾನು ಚೀಲ ಹಿಡಿದು ಹಿಂದೆ. ಮರುದಿನ ನಸುಕಿನಲ್ಲಿ ಎದ್ದು, ಲಿಂಗಪೂಜೆ ಮಾಡಿಕೊಂಡು, ಮೊದಲ ಬಸ್ಸು ಹಿಡಿದೆ. ಒಂಬತ್ತೂವರೆಗೆ ಜೇವರ್ಗಿಯಲ್ಲಿ ಮಳಿಗೆಯ ಬಾಗಿಲು ತೆರೆದವನು ನಾನೇ.